ರಂಭಿಯ ಎದೆಸುಳಿ

ಕುದುರೆಯ ಮೈಮೇಲಿನ ಕೂದಲು ಯಾವ ಕಡೆ ತಿರುಗಿದೆ ಎಂದು ಟಾಂಗಾ ಹತ್ತುವವರು ಯಾರೂ ಕೇಳುವುದಿಲ್ಲ. ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದವರಿಗೆ ಪೇಟೆ ಮುಟ್ಟಿದರೆ ಸಾಕು. ಆದರೆ ಟಾಂಗಾದ ಭರಮಪ್ಪನ ಹೆಂಡತಿ ಶೆಟ್ಟೆವ್ವನ ಅಕ್ಕ ಗುರುಬಸವ್ವ ಟಾಂಗಾ ಹತ್ತಲು ಬಂದವಳಲ್ಲ. ಕಾರಹುಣ್ಣಿಮೆ ಮುಗಿಸಿಕೊಂಡು ಸಿರಸಂಗಿಯಿಂದ ತಂಗಿಯ ಮನೆಗೆ ಬಂದಿದ್ದಳು. ಊಟವಾದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದವಳು ಅಲ್ಲಿ ಕಟ್ಟಿದ್ದ ಕಂದು ಬಣ್ಣದ ಹೆಣ್ಣುಕುದುರೆಯ ಮುಂದೆ ನಿಂತೇಬಿಟ್ಟಳು. ಸುತ್ತಲಿನ ಊರುಗಳಲ್ಲಿ ಎತ್ತು ಕೊಳ್ಳುವವರು ಆಕೆಗೆ ಸುಳಿ ತೋರಿಸದೆ ಕೊಳ್ಳುತ್ತಿರಲಿಲ್ಲವಂತೆ. ಹಾಗೆಂದು ಹೇಳುವವಳೂ ಆಕೆಯೇ.

"ಏ ಶೆಟ್ಟೆವ್ವ, ಇದರ ಎದಿ ನೋಡೀಯೇನ?"

"ಏನಾಗೇತಿ ಅಕ್ಕಾ?"

"ಎದಿ ಸುಳಿ ಐತಿ. ಎದಿ ಸುಳಿ ಇದ್ದದ್ದು ಮನಿ ಯಜಮಾನಗ ಆಗಿ ಬರೂದಿಲ್ಲ. ಹೆಡಕಿನ ಸುಳಿ ಇದ್ದದ್ದು ಮನಿ ಮಗಗ ಆಗಿ ಬರೂದಿಲ್ಲ. ಯಾರ ಕೊಟ್ರು ಇದನ್ನ?"

"ಯಾರ ಕೊಡಬೇಕು? ಇಕಿ ಅಪ್ಪ ಕೊಟ್ಟಾನ."

ಶೆಟ್ಟೆವ್ವ ಗದ್ದ ಎತ್ತಿ ತೋರಿಸಿದ್ದು ಸೊಸೆಯನ್ನು. ಸುಂದರವ್ವ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಹುಲ್ಲಿನ ಸಿಂಬಿಯಿಂದ ಕುದುರೆಯ ಕಾಲು ತಿಕ್ಕುತ್ತಿದ್ದಳು. ಮುನವಳ್ಳಿಯ ಗಂಗಪ್ಪನ ಮಗಳು ಆಕೆ. ಎಳೆಯ ಕುದುರೆಗಳನ್ನು ಟಾಂಗಾಕ್ಕೆ ಪಳಗಿಸಿ ಕೊಡುವುದೇ ಗಂಗಪ್ಪನ ಕಸುಬು. ಬೇಸಗೆಯಲ್ಲಿ ಮಗಳ ಲಗ್ನ ಮಾಡಿದಾಗ ಬೀಗರ ಹಳೆಯ ಕುದುರೆ ಸತ್ತಿದೆ ಎಂದು ತಿಳಿದು, ತಾನು ಕೈಯಾರೆ ಪಳಗಿಸಿದ ಈ ರಂಭಿಯನ್ನು ಮಗಳ ಹಿಂದೆ ಕಳಿಸಿದ್ದ. ಕೊಟ್ಟಾಗ ಎಲ್ಲರೂ ಹಲ್ಲು ಕಿರಿದು ಇಸಿದುಕೊಂಡಿದ್ದರು.

"ನಮ್ಮಪ್ಪ ಸುಳಿ ನೋಡೂದಿಲ್ರಿ ದೊಡ್ಡತ್ತಿ," ಎಂದಳು ಸುಂದರವ್ವ, ತಲೆ ಎತ್ತದೆ. "ಕಾಲು ನೋಡತಾನ, ಉಸರು ನೋಡತಾನ, ಲದ್ದಿ ನೋಡತಾನ."

"ಲದ್ದಿ ನೋಡಾವನ ಮಗಳು, ಮಾತು ಹಂಗಽ ಇರತಾವು," ಎಂದು ಗುರುಬಸವ್ವ ಒಳಗೆ ನಡೆದಳು.

ಅಂದಿನಿಂದ ಶೆಟ್ಟೆವ್ವನ ಬಾಯಿಗೆ ಒಂದು ಮಾತು ಸಿಕ್ಕಿತು. ಹಾಲು ಉಕ್ಕಿದರೆ ಸುಳಿ. ಯಜಮಾನ ಭರಮಪ್ಪ ಎರಡು ಸಲ ಕೆಮ್ಮಿದರೆ ಸುಳಿ. ಸೊಸೆ ಎದುರು ಮಾತಾಡಿದರಂತೂ ಕೇಳುವುದೇ ಬೇಡ. "ಕುದುರಿಗೂ ಸುಳಿ, ಸೊಸಿಗೂ ಸುಳಿ. ಎರಡೂ ಒಂದಽ ಮನ್ಯಾಂದ ಬಂದಾವು, ಎರಡೂ ಒಂದಽ," ಎಂದು ನೀರಿನ ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಹೇಳುವಳು.

ಭರಮಪ್ಪ ಈ ಊರಲ್ಲಿ ಟಾಂಗಾ ಹೊಡೆದೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಕೈ ನಡುಗತೊಡಗಿದ ಮೇಲೆ ಲಗಾಮನ್ನು ಒಬ್ಬನೇ ಮಗ ಶಂಕ್ರೆಪ್ಪನಿಗೆ ಒಪ್ಪಿಸಿದ್ದ. ಹೆಂಡತಿಯ ಸುಳಿಪುರಾಣವನ್ನು ಅವನು ಮೊದಲು ನಕ್ಕು ತಳ್ಳಿಹಾಕಿದ. ಆಮೇಲೆ ಒಂದು ದಿನ ಬೀಡಿ ಸೇದುತ್ತ, ಯಾರೂ ಇಲ್ಲವೆಂದು ನೋಡಿ, ತಾನೇ ಕುದುರೆಯ ಎದೆಯ ಕೂದಲನ್ನು ಬೆರಳಿಂದ ಸರಿಸಿ ನೋಡಿದ. ಒಲೆಯ ಮುಂದೆ ಕುಳಿತಿದ್ದ ಸುಂದರವ್ವನಿಗೆ ಅದು ಕಂಡಿತು. ಮಾವನೂ ಹೆದರಿದ್ದಾನೆ ಎಂದು ಆಕೆಗೆ ಸಿಟ್ಟು ಬಂತು, ಒಳಗೊಳಗೆ ಭಯವೂ ಆಯಿತು. ಈ ಮನೆಯಲ್ಲಿ ತನ್ನದು ಅನ್ನುವಂಥದ್ದು ಇದೊಂದೇ ಜೀವ. ಇದನ್ನು ಹೊರಗೆ ಹಾಕಿದರೆ ತನ್ನನ್ನು ಹಾಕಲು ಎಷ್ಟು ಹೊತ್ತು?

ಜಗಳಕ್ಕೆ ಸುಳಿಯೊಂದೇ ಸಾಲದು ಎಂಬಂತೆ ಶಂಕ್ರೆಪ್ಪನ ಚಾಬೂಕೂ ಇತ್ತು. ರಂಭಿ ಚಾಬೂಕು ಕಾಣದೆ ಬೆಳೆದ ಕುದುರೆ. ನಾಲಿಗೆಯಿಂದ ಚಿಕ್ ಅಂದರೆ ನಡೆಯುವುದು, ಕುತ್ತಿಗೆಯ ಮೇಲೆ ಕೈ ಇಟ್ಟರೆ ನಿಲ್ಲುವುದು. ಆದರೆ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರ ಮುಂದೆ ನಾಲಿಗೆ ಚಿಕ್ ಅನ್ನಿಸುವುದು ಶಂಕ್ರೆಪ್ಪನಿಗೆ ಮರ್ಯಾದೆಯ ಪ್ರಶ್ನೆ. ಚಾಬೂಕು ಗಾಳಿಯಲ್ಲಿ ಚಟೀರ್ ಅನ್ನಬೇಕು, ಕುದುರೆ ಜಿಗಿಯಬೇಕು, ಹೆಂಗಸರು ಕಿರುಚಿ ನಗಬೇಕು.

ಒಂದು ದಿನ ಟಾಂಗಾ ಬಿಟ್ಟು ಬಂದು ತಾಟಿನ ಮುಂದೆ ಕೂತ ಗಂಡನಿಗೆ ಸುಂದರವ್ವ ಹೇಳಿದಳು, "ಬೆವರಿ ಬಂದೇತಿ. ಈಗ ನೀರ ಕುಡಸಬ್ಯಾಡ್ರಿ. ಓಣಿ ತನಕ ಸಾವಕಾಶ ನಡಸ್ಕೊಂಡ ಬರ್ರಿ, ಮೈ ಆರಲಿ."

"ನಾ ದುಡದ ಬಂದೇನಿ. ನನ್ನ ಮೈ ಯಾರ ಆರಸೂದು?"

"ನಿಮ್ಮ ಮೈ ಆರಸಾಕ ನಿಮ್ಮವ್ವ ಅದಾರಲ್ಲ."

ಶಂಕ್ರೆಪ್ಪ ತಾಟು ಸರಿಸಿ ಎದ್ದ. ರೊಟ್ಟಿ ಹಾಗೇ ಉಳಿಯಿತು. ಶೆಟ್ಟೆವ್ವ ಒಳಗಿನಿಂದಲೇ, "ಗಂಡಗ ಅನ್ನ ಹಾಕೂಕಿಂತ ಮೊದಲ ಕುದುರಿಗೆ ಹುಳ್ಳಿ ಕುದಸಾಕಿ! ಇಂಥಾ ಸೊಸಿ ಯಾರ ಮನ್ಯಾಗ ಅದಾಳ?" ಎಂದಳು. ಸುಂದರವ್ವ ತಾನೇ ಹಗ್ಗ ಹಿಡಿದು ಕುದುರೆಯನ್ನು ಓಣಿಯಲ್ಲಿ ನಡೆಸಿದಳು. ಗಂಡಸಿನ ಕೆಲಸ ಹೆಣ್ಣು ಮಾಡಿದಳೆಂದು ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡಿದರು. ನೋಡಲಿ ಎಂದು ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಶ್ರಾವಣಕ್ಕೆ ಮೊದಲು ಗಂಗಪ್ಪ ಮಗಳನ್ನು ಪಂಚಮಿಗೆ ಕರೆಯಲು ಬಂದ. ಹೊಸದಾಗಿ ಲಗ್ನವಾದವಳು ಪಂಚಮಿಗೆ ತವರಿಗೆ ಹೋಗದೆ ಇರುವಂತಿಲ್ಲ. ಹೊರಡುವಾಗ ಸುಂದರವ್ವ ಗಂಡನಿಗೆ ಹುರುಳಿ ಎಷ್ಟು, ಬೂಸಾ ಎಷ್ಟು, ಜೋಳದ ಕಣಕಿ ಯಾವಾಗ ಎಂದು ಎರಡೆರಡು ಸಲ ಹೇಳಿದಳು.

"ಹೋಗೇ, ನಿನ್ನ ಕುದುರಿ ಸಾಯೂದಿಲ್ಲ," ಎಂದ ಶಂಕ್ರೆಪ್ಪ.

ನಾಗರ ಅಮಾವಾಸ್ಯೆಯ ದಿನ ಶೆಟ್ಟೆವ್ವ ಓಣಿಯ ತುದಿಯ ಪರಪ್ಪನನ್ನು ಕರೆಸಿದಳು. ಎತ್ತಿಗೆ ಹೆಗಲು ಬಾತರೆ, ಎಮ್ಮೆ ಹಾಲು ಕೊಡದಿದ್ದರೆ, ಮಗು ರಾತ್ರಿ ಅತ್ತರೆ, ಪರಪ್ಪನಿಗೆ ಗೊತ್ತಿದ್ದದ್ದು ಒಂದೇ ಔಷಧ, ಬರೆ. ಸುಳಿ ಸುಟ್ಟರೆ ಸುಳಿಯ ಕಾಟವೂ ಸುಟ್ಟು ಹೋಗುತ್ತದೆ ಎಂದು ಗುರುಬಸವ್ವ ಹೇಳಿ ಹೋಗಿದ್ದಳು. ಒಲೆಯಲ್ಲಿ ಕುಡಗೋಲು ಕಾಯಿತು. ಭರಮಪ್ಪ ಕುದುರೆಯ ಬಾಯಿ ಹಿಡಿದ, ಶಂಕ್ರೆಪ್ಪ ಮುಂಗಾಲು ಕಟ್ಟಿದ. ಪರಪ್ಪ ಕುಡಗೋಲಿನ ಬೆನ್ನನ್ನು ಎದೆಯ ಮೇಲೆ ಒತ್ತಿ ಹಿಡಿದ. ಸುಟ್ಟ ಕೂದಲಿನ ವಾಸನೆ ಅಡುಗೆಮನೆಯ ತನಕ ಬಂತು. ಶೆಟ್ಟೆವ್ವ ಕೈ ಮುಗಿದಳು.

ನಾಲ್ಕು ಜನ ಅಲ್ಲಿದ್ದರು, ಅವರಲ್ಲಿ ಇಬ್ಬರು ಜನ್ಮವೆಲ್ಲ ಟಾಂಗಾ ಕಟ್ಟಿ ಉಂಡವರು. ಟಾಂಗಾದ ಭಾರವೆಲ್ಲ ಕುದುರೆ ಎಳೆಯುವುದು ಎದೆಪಟ್ಟಿಯಿಂದ, ಆ ಚರ್ಮದ ಪಟ್ಟಿ ಕೂಡುವುದು ಸರಿಯಾಗಿ ಅದೇ ಜಾಗದಲ್ಲಿ. ಅದು ಒಬ್ಬರಿಗೂ ಹೊಳೆಯಲಿಲ್ಲ. ಸುಳಿ ಕಂಡ ಕಣ್ಣಿಗೆ ಪಟ್ಟಿ ಕಾಣಲಿಲ್ಲ.

ಸುಂದರವ್ವ ಉಂಡಿಯ ಡಬ್ಬಿ ಹಿಡಿದು ಬಸ್ಸಿಳಿದು ಬಂದಾಗ ರಂಭಿ ಕೆನೆಯಲಿಲ್ಲ. ತಲೆ ಇಳಿಬಿಟ್ಟು ಮೂಲೆಗೆ ನಿಂತಿತ್ತು. ಎದೆಯ ಮೇಲೆ ಅಂಗೈಯಗಲ ಹಸಿ ಗಾಯ, ಸುತ್ತ ನೊಣ. ಡಬ್ಬಿ ಕೈಯಿಂದ ಜಾರಿತು. ಅಂಟಿನುಂಡಿ, ಶೇಂಗಾ ಉಂಡಿ ಅಂಗಳದ ತುಂಬ ಉರುಳಿದವು.

"ಯಾರ ಸುಟ್ಟವರು?"

"ನಾನಽ ಸುಡಿಸೇನಿ," ಎಂದಳು ಶೆಟ್ಟೆವ್ವ. "ನನ್ನ ಕುಂಕುಮ ಉಳಸ್ಕೊಳ್ಳಾಕ ಸುಡಿಸೇನಿ. ನಿಮ್ಮಪ್ಪ ಬೇಕಂತಽ ಇಂಥಾದ್ದ ಕೊಟ್ಟಾನ."

"ನಮ್ಮಪ್ಪ ಕೊಟ್ಟಾಗ ಅದರ ಎದಿ ನೆಟ್ಟಗ ಇತ್ತು. ಮೈ ಮ್ಯಾಲ ಒಂದು ಗೀರು ಇರಲಿಲ್ಲ. ಈಗ ಎದಿಪಟ್ಟಿ ಎಲ್ಲಿ ಕಟ್ಟತೀರಿ? ನಿಮ್ಮ ಕೊರಳಿಗೆ ಕಟಗೊಂಡ ಎಳೀರಿ ಟಾಂಗಾ!"

ಶಂಕ್ರೆಪ್ಪ ಹೆಂಡತಿಯ ಕೆನ್ನೆಗೆ ಹೊಡೆದ. ಆಕೆ ಅಳಲಿಲ್ಲ. ಬೇವಿನ ತೊಪ್ಪಲು ಕುದಿಸಿದ ನೀರಿನಿಂದ ಗಾಯ ತೊಳೆದಳು. ಆಮೇಲೆ ಗಾಯ ಆರುವ ತನಕ ಯಾರೂ ಟಾಂಗಾ ಕಟ್ಟಕೂಡದೆಂದು ಎದೆಪಟ್ಟಿಯನ್ನು ಒಯ್ದು ನೆಲದೊಳಗಿನ ಜೋಳದ ಹಗೇವಿನೊಳಗೆ ಬಚ್ಚಿಟ್ಟಳು.

ಅದು ಎಷ್ಟು ದಿನ ಬಚ್ಚಿಟ್ಟುಕೊಂಡೀತು? ಜೋಳ ತೆಗೆಯಲು ಇಳಿದ ಶೆಟ್ಟೆವ್ವನ ಕೈಗೇ ಸಿಕ್ಕಿತು. ಅಂದು ಶುಕ್ರವಾರ, ಸಂತೆಯ ದಿನ, ಟಾಂಗಾದವರಿಗೆ ದುಡಿಮೆಯ ದಿನ. ಅತ್ತೆ ಪಟ್ಟಿಯ ಒಂದು ತುದಿ ಹಿಡಿದಳು, ಸೊಸೆ ಇನ್ನೊಂದು ತುದಿ. ಇಬ್ಬರೂ ಅಂಗಳದಲ್ಲಿ ಜಗ್ಗಾಡಿದರು. ಶಂಕ್ರೆಪ್ಪ ಯಾರ ಕೈ ಬಿಡಿಸಲಿ ಎಂದು ತಿಳಿಯದೆ ನಿಂತ. ಕಡೆಗೆ ಭರಮಪ್ಪ ಎದ್ದು ಬಂದು ಇಬ್ಬರ ಕೈಯಿಂದಲೂ ಕಸಿದುಕೊಂಡ.

"ಸಾಕು ಮಾಡ್ರಿ! ಸುಳಿ ಕಾಟ ಇದ್ದದ್ದು ನನ್ನ ತಲಿ ಮ್ಯಾಲ ಅಲ್ಲೇನು? ನಾನಽ ಕಟ್ಟತೇನಿ, ನಾನಽ ಹೊಡಿತೇನಿ. ಏನಾಗತೈತಿ ನೋಡೂಣು."

"ಮಾವಾರಽ, ಗಾಯ ಇನ್ನೂ ಹಸಿ ಐತ್ರಿ. ನಿಮ್ಮ ಕಾಲ ಬೀಳತೇನಿ."

"ನೀ ಹುಟ್ಟೂಕಿಂತ ಮೊದಲ ಕುದುರಿ ಹೊಡದೇನಿ ನಾನು. ಸರಿ ಅತ್ತಾಗ."

ಪೇಟೆಯ ಇಳಿಜಾರಿನ ತನಕ ರಂಭಿ ಹಲ್ಲು ಕಚ್ಚಿ ನಡೆಯಿತು. ಮರಳಿ ಬರುವಾಗ ಏರು. ಹಿಂದೆ ಎರಡು ಚೀಲ ಸಂತೆಯ ಸಾಮಾನು, ಮೂರು ಮಂದಿ. ಏರಿನಲ್ಲಿ ಪಟ್ಟಿ ಬಿಗಿದು ಹಸಿ ಮಾಂಸದೊಳಗೆ ಕೂತಿತು. ಕುದುರೆ ಒಮ್ಮೆಲೇ ಮುಂಗಾಲೆತ್ತಿ ಹಿಂದಕ್ಕೆ ಸರಿಯಿತು. ಭರಮಪ್ಪ ನಡುಗುವ ಕೈಯಿಂದ ಲಗಾಮು ಜಗ್ಗಿದ. ಟಾಂಗಾ ಗಟಾರಿಗೆ ಉರುಳಿತು. ಸಂತೆಗೆ ಬಂದವರು ತರಚುಗಾಯದಲ್ಲಿ ಪಾರಾದರು, ಭರಮಪ್ಪನ ತೊಡೆಯ ಎಲುಬು ಮುರಿಯಿತು.

ಅವನನ್ನು ಹೊರಸಿನ ಮೇಲೆ ಹೊತ್ತು ತಂದಾಗ ಶೆಟ್ಟೆವ್ವ ಎದೆ ಬಡಿದುಕೊಂಡಳು. "ಅಂದಿರಲಿಲ್ಲೇನು? ಯಜಮಾನಗ ಆಗಿ ಬರೂದಿಲ್ಲ ಅಂದಿರಲಿಲ್ಲೇನು ನಮ್ಮಕ್ಕ?" ಓಣಿಯ ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ಸುಂದರವ್ವ ನಿಜ ಏನೆಂದು ಹೇಳಲು ಬಾಯಿ ತೆರೆದಳು. ಕೇಳುವ ಕಿವಿ ಒಂದೂ ಇರಲಿಲ್ಲ.

ಟಾಂಗಾ ಅಂಗಳದಲ್ಲಿ ಮೂಗು ನೆಲಕ್ಕೆ ಹಚ್ಚಿ ನಿಂತಿತು. ಶಂಕ್ರೆಪ್ಪ ಅಡತಿ ಅಂಗಡಿಯಲ್ಲಿ ಚೀಲ ಹೊರಲು ಹೋದ. ನಿನ್ನೆ ತನಕ ಚಾಬೂಕು ಬೀಸಿದ ಕೈಯಲ್ಲಿ ಹಮಾಲರ ಕೊಕ್ಕೆ ಹಿಡಿದು ಸಂಜೆಗೆ ಬೆನ್ನು ಬಾಗಿಸಿಕೊಂಡು ಬರುತ್ತಿದ್ದ. ಒಂದು ಸಂಜೆ ತಾಟಿನಲ್ಲಿ ಹುರುಳಿಕಟ್ಟಿನ ಸಾರು ಬಂತು. ಮರುದಿನವೂ ಅದೇ. ಸುಂದರವ್ವ ಕುದುರೆಯ ಹುರುಳಿಯ ಮಡಕೆ ನೋಡಿದಳು. ತಳ ಕಂಡಿತ್ತು.

"ಅತ್ತಿ, ಇದು ರಂಭಿ ಪಾಲಿನ ಹುಳ್ಳಿ."

"ಎಳೀಲಾರದ್ದಕ್ಕ ಪಾಲ ಎಲ್ಲೀದು? ಮನಿ ಮಂದಿ ಉಣ್ಣಲಿ."

"ಎಳೀಲಾರದಂಗ ಮಾಡಿದವರು ಯಾರು?"

"ಉಣ್ಣೂದಿದ್ರ ಉಣ್ಣು, ಇಲ್ಲಾಂದ್ರ ಎದ್ದ ಹೋಗ."

ಸುಂದರವ್ವ ತನ್ನ ಎರಡು ರೊಟ್ಟಿಯನ್ನೂ ಎತ್ತಿಕೊಂಡು ಹೋಗಿ ಕುದುರೆಗೆ ತಿನ್ನಿಸಿದಳು. ತಾನು ಹಸಿ ಉಳ್ಳಾಗಡ್ಡಿ ಕಡಿದು ನೀರು ಕುಡಿದಳು.

ಮರುದಿನ ಬೆಳಗಾಗುತ್ತಲೇ ಆಕೆ ತಲೆಯ ಮೇಲೆ ಸೆರಗು ಹೊದ್ದು, ಕುದುರೆಯನ್ನು ಹಿಡಿದುಕೊಂಡು ನಡುಪೇಟೆಯಲ್ಲಿ ಹಾದು ದನದ ದವಾಖಾನೆಗೆ ಹೋದಳು. ಡಾಕ್ಟರು ಗಾಯದಲ್ಲಿ ಹುಳ ಬಿದ್ದಿದೆ ಎಂದು ತೆಗೆದರು, ನೇರಳೆ ಬಣ್ಣದ ಔಷಧ ಕೊಟ್ಟರು, ನೊಣ ಕೂಡದಂತೆ ನೋಡಿಕೊ ಎಂದರು. ಕುದುರೆ ಹಿಡಿದು ಪೇಟೆಯಲ್ಲಿ ನಡೆದ ಸೊಸೆಯ ಸುದ್ದಿ ಆಕೆಗಿಂತ ಮೊದಲೇ ಮನೆ ಮುಟ್ಟಿತ್ತು. ಅತ್ತೆ ಅವಳ ಪಾಲಿನ ತಾಟನ್ನು ಮೂರು ದಿನ ಹಿತ್ತಲಲ್ಲಿಟ್ಟಳು. ಸುಂದರವ್ವ ಹಿತ್ತಲಲ್ಲೇ ಉಂಡಳು, ರಂಭಿಯ ಪಕ್ಕದಲ್ಲಿ ಕುಳಿತು.

ಗಾಯ ಆರಿತು. ಕೂದಲು ಬರಲಿಲ್ಲ, ಅಲ್ಲಿ ಬೋಳು ಕಲೆ ಉಳಿಯಿತು. ಆದರೆ ಕುದುರೆಯ ಹೆದರಿಕೆ ಆರಿರಲಿಲ್ಲ. ಶಂಕ್ರೆಪ್ಪ ಪಟ್ಟಿ ತೆಗೆದುಕೊಂಡರೆ ಸಾಕು, ಕಿವಿ ಹಿಂದಕ್ಕೆ ಮಲಗಿಸಿ ಕಚ್ಚಲು ಬರುತ್ತಿತ್ತು. ಸುಂದರವ್ವ ತಂದೆ ಮಾಡುವುದನ್ನು ನೋಡಿ ಬೆಳೆದವಳು. ಮೊದಲು ಹಳೆಯ ಸೀರೆಯ ತುಂಡನ್ನು ಎದೆಗೆ ಸುಮ್ಮನೆ ಸವರಿದಳು. ಆಮೇಲೆ ಅದನ್ನು ಸಡಿಲವಾಗಿ ಕಟ್ಟಿ ಓಣಿಯಲ್ಲಿ ನಡೆಸಿದಳು. ಆಮೇಲೆ ಕಂಬಳಿಯ ತುಂಡು, ಅದಕ್ಕೊಂದು ಹಗ್ಗ, ಹಗ್ಗಕ್ಕೊಂದು ಖಾಲಿ ಚೀಲ. ಕುದುರೆ ಬೆದರಿದ ದಿನ ಹಿಂದಿನ ದಿನದ ಪಾಠಕ್ಕೆ ಮರಳಿ ಹೋಗುವಳು. ಹೊರಸಿನ ಮೇಲೆ ಬಿದ್ದಿದ್ದ ಭರಮಪ್ಪ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ. ಒಮ್ಮೆ, "ಹಗ್ಗ ಸ್ವಲ್ಪ ಕೆಳಗ ಕಟ್ಟವಾ," ಎಂದ. ಶೆಟ್ಟೆವ್ವ ಧಡಾರನೆ ಕಿಟಕಿ ಮುಚ್ಚಿದಳು.

ಆಕೆ ಬೇರೆಯೇ ಲೆಕ್ಕ ಹಾಕಿದ್ದಳು. ರಾಮದುರ್ಗದ ಹುಸೇನಪೀರ ಎಂಬ ಟಾಂಗಾದವನಿಗೆ ಕುದುರೆ ಮಾರುವುದಿದೆ ಎಂದು ಹೇಳಿ ಕಳಿಸಿದ್ದಳು. ಅವನು ಬಂದ. ಕುದುರೆಯ ಹಲ್ಲು ನೋಡಿದ, ಗೊರಸು ಎತ್ತಿಸಿ ನೋಡಿದ, ಸ್ವಲ್ಪ ಓಡಿಸಿ ಉಸಿರು ಕೇಳಿದ. ಮೆಚ್ಚಿಕೊಂಡದ್ದು ಮುಖದಲ್ಲೇ ಕಾಣುತ್ತಿತ್ತು. ಸುಂದರವ್ವ ರಂಭಿಯ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಕಡೆಗೆ ಅವನ ಕೈ ಎದೆಯ ಬೋಳು ಕಲೆಯ ಮೇಲೆ ನಿಂತಿತು.

"ಸುಳಿ ಸುಡಿಸೀರೇನ್ರಿ ಅಮ್ಮಾ?"

"ಪಟ್ಟಿ ತಿಕ್ಕಿದ ಗಾಯ ಅದು," ಎಂದಳು ಶೆಟ್ಟೆವ್ವ.

ಹುಸೇನಪೀರ ನಕ್ಕ. "ಪಟ್ಟಿ ತಿಕ್ಕಿದ್ದು ಉದ್ದಕ ಇರತೈತ್ರಿ. ಸುಳಿ ಇದ್ದ ಕುದುರಿ ನಾ ಕೊಂಡೇನು, ನನ್ನ ಕಡೆ ಎರಡು ಅದಾವು. ಸುಟ್ಟದ್ದು ಒಲ್ಲೆ. ಇದ್ದದ್ದು ಏನಂತ ಕಣ್ಣಿಗೆ ಕಾಣತೈತಿ, ಸುಟ್ಟಿದ್ದರ ಒಳಗ ಏನ ಮುಚ್ಚೀರಿ ಅಂತ ಯಾರ ಹೇಳಾವರು? ಇದನ್ನ ಈಗ ಯಾರೂ ಕೊಳ್ಳೂದಿಲ್ರಿ."

ಚಹಾ ಕುಡಿದು ಅವನು ಹೋದ. ಸುಂದರವ್ವನಿಗೆ ನಗು ತಡೆಯಲಾಗಲಿಲ್ಲ, ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಅತ್ತೆಗೆ ಅದು ಕೇಳಿಸಿತು. ಅಂದೇ ಶಪಥ ಮಾಡಿದಳು. "ಕೊಳ್ಳಾವರು ಇಲ್ಲಾಂದ್ರ ಬಿಟ್ಟಿ ಕೊಡತೇನಿ. ಪರಪ್ಪಗ ಕೊಡತೇನಿ, ಮಲಪ್ರಭಾ ದಂಡಿಯಿಂದ ಉಸುಕು ಹೇರಲಿ. ದೀಪಾವಳಿ ದಿನ ಬಂದು ಒಯ್ಯಿ ಅಂತ ಹೇಳೇನಿ. ಪಾಡ್ಯ ಬರೂದ್ರಾಗ ಈ ಮನ್ಯಾಗ ಸುಳಿ ಇದ್ದದ್ದು ಇರಕೂಡದು." ಹೀಗೆ ಹೇಳುವಾಗ ಆಕೆ ಕುದುರೆಯ ಕಡೆ ನೋಡಲಿಲ್ಲ, ಸೊಸೆಯ ಕಡೆ ನೋಡಿದಳು.

ಸುಂದರವ್ವ ಗಂಡನನ್ನು ಕೇಳಿದಳು. "ನೀವರ ಒಂದ ಮಾತ ಹೇಳ್ರಿ. ಅದು ಈಗ ಖಾಲಿ ಟಾಂಗಾ ಎಳಿತೈತಿ. ಇನ್ನ ಎಂಟು ದಿನಕ್ಕ ಮಂದೀನೂ ಎಳಿತೈತಿ."

"ಅವ್ವನ ಮುಂದ ನಾ ಏನ ಹೇಳಲಿ?" ಎಂದು ಅವನು ಮಗ್ಗುಲು ಬದಲಿಸಿದ.

ನರಕ ಚತುರ್ದಶಿಯ ನಸುಕಿನಲ್ಲಿ ಹಂಡೆಯ ನೀರು ಕಾಯುತ್ತಿತ್ತು. ಗುರುಬಸವ್ವ ಹಬ್ಬಕ್ಕೆಂದು ಹಿಂದಿನ ದಿನವೇ ಬಂದು ಕುಳಿತಿದ್ದಳು. ಭರಮಪ್ಪನನ್ನು ಹೊರಸಿನ ಸಮೇತ ಪಡಸಾಲೆಗೆ ತಂದಿದ್ದರು. ಶಂಕ್ರೆಪ್ಪ ಬಚ್ಚಲ ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದ. ಅತ್ತೆಯ ತಲೆಗೆ ಎಣ್ಣೆ ಹಚ್ಚಿ ಎರೆಯುವುದು ಸೊಸೆಯ ಕೆಲಸ. ಎಷ್ಟೇ ಹಗೆ ಇರಲಿ, ಹಬ್ಬದ ಎಣ್ಣೆ ತಪ್ಪಿಸುವಂತಿಲ್ಲ. ಶೆಟ್ಟೆವ್ವ ಮಣೆಯ ಮೇಲೆ ಬೆನ್ನು ಮಾಡಿ ಕುಳಿತು ತುರುಬು ಬಿಚ್ಚಿದಳು. ಸುಂದರವ್ವ ಬೆಚ್ಚಗಿನ ಎಣ್ಣೆ ಸುರಿದು ಕೂದಲು ಬಿಡಿಸುತ್ತ ಬಂದವಳು ಹೆಡಕಿನ ಹತ್ತಿರ ಕೈ ನಿಲ್ಲಿಸಿದಳು.

"ದೊಡ್ಡತ್ತೀ, ಹೆಡಕಿನ ಸುಳಿ ಇದ್ರ ಯಾರಿಗೆ ಆಗಿ ಬರೂದಿಲ್ಲ ಅಂದಿದ್ರಿ?"

"ಮನಿ ಮಗಗ," ಎಂದಳು ಗುರುಬಸವ್ವ, ತನ್ನ ವಿದ್ಯೆ ಕೇಳಿದ್ದಕ್ಕೆ ಖುಷಿಯಾಗಿ. "ಯಾಕ? ಯಾವದಕ್ಕ ಐತಿ?"

"ಇಲ್ಲಿ ಬಂದು ನೋಡ್ರಿ."

ಗುರುಬಸವ್ವ ಬಂದು ಬಗ್ಗಿ ನೋಡಿದಳು. ತುರುಬಿನ ಕೆಳಗೆ, ಸರಿಯಾಗಿ ಹೆಡಕಿನ ನಡುವೆ, ಕೂದಲು ದುಂಡಗೆ ತಿರುಗಿತ್ತು. ಹುಟ್ಟಿದಾಗಿನಿಂದ ಇದ್ದದ್ದು, ಇಷ್ಟು ವರ್ಷ ತುರುಬಿನಡಿ ಸುಖವಾಗಿ ಮಲಗಿತ್ತು. ಬಗ್ಗಿದ್ದ ಗುರುಬಸವ್ವ ಸಟ್ಟನೆ ಎದ್ದು ಹಿಂದೆ ಸರಿದಳು.

"ಏನ ಐತಿ? ಏನ ಐತಿ ಅಕ್ಕಾ?" ಶೆಟ್ಟೆವ್ವ ಕೈ ಹಿಂದೆ ಹಾಕಿ ತಡಕಿದಳು. ತನ್ನ ಹೆಡಕು ತನಗೆ ಹೇಗೆ ಕಾಣಬೇಕು?

"ಏನಿಲ್ಲ ಬಿಡ," ಎಂದಳು ಅಕ್ಕ. "ಮಂದಿಗೆ ಬ್ಯಾರೆ, ಕುದುರಿಗೆ ಬ್ಯಾರೆ."

"ಹ್ಯಾಂಗ ಬ್ಯಾರೆ?" ಸುಂದರವ್ವನ ದನಿ ಏರಲಿಲ್ಲ. "ಕುದುರಿಗೂ ಸುಳಿ, ಸೊಸಿಗೂ ಸುಳಿ, ಎರಡೂ ಒಂದಽ ಅಂತ ಓಣಿಗೆಲ್ಲ ಸಾರಿದವರು ಅತ್ತಿನಽ. ಈಗ ಬ್ಯಾರೆ ಹ್ಯಾಂಗಾದವು? ಮಗ ಇವರೊಬ್ಬರಽ ಈ ಮನಿಗೆ. ಸುಳಿ ಇದ್ದದ್ದು ಮನ್ಯಾಗ ಇರಕೂಡದು ಅಂತ ಅವರಽ ಅಂದಾರ. ಏನ ಮಾಡೂಣ್ರಿ ಅತ್ತಿ? ಪರಪ್ಪ ಹೆಂಗೂ ಬರಾವ ಅದಾನ. ಒಲ್ಯಾಗ ಕೆಂಡಾನೂ ಅದಾವು. ಕುಡಗೋಲ ಕಾಸಲೇನು?"

ಶಂಕ್ರೆಪ್ಪನ ಕೈಯಲ್ಲಿದ್ದ ಕಟ್ಟಿಗೆ ಹಾಗೇ ನಿಂತಿತು. ಅವನು ತಾಯಿಯ ಹೆಡಕನ್ನು ನೋಡಿದ. ಹೆದರಿಯೇ ನೋಡಿದ. ಮಗನ ಕಣ್ಣಲ್ಲಿ ಆ ಹೆದರಿಕೆ ಕಂಡಾಗ ಶೆಟ್ಟೆವ್ವನ ಮುಖ ಸುಣ್ಣ ಬಳಿದಂತಾಯಿತು. ಹೊರಸಿನ ಮೇಲಿಂದ ಭರಮಪ್ಪ, "ಮುರದದ್ದು ನನ್ನ ಕಾಲು," ಎಂದ ಮೆಲ್ಲಗೆ. "ಸುಳಿ ಇದ್ದಾಗ ಮುರೀಲಿಲ್ಲ, ಸುಟ್ಟ ಮ್ಯಾಲ ಮುರೀತು." ಎಣ್ಣೆ ಶೆಟ್ಟೆವ್ವನ ಬೆನ್ನ ಮೇಲೆ ಇಳಿಯುತ್ತಿತ್ತು.

ಪರಪ್ಪ ಬಂದದ್ದು ಬಿಸಿಲೇರಿದ ಮೇಲೆ, ಕೈಯಲ್ಲಿ ಹಗ್ಗ ಹಿಡಿದು, ಹಲ್ಲು ಕಿರಿಯುತ್ತ. ಶೆಟ್ಟೆವ್ವ ಹೊಸ್ತಿಲಿಗೆ ಬಂದಳು. ಹಸಿ ಕೂದಲು ಇನ್ನೂ ಆರಿರಲಿಲ್ಲ, ಸೆರಗನ್ನು ತಲೆಯಿಂದ ಕುತ್ತಿಗೆಯ ತನಕ ಬಿಗಿದು ಸುತ್ತಿಕೊಂಡಿದ್ದಳು.

"ಎಲ್ಲಿ ಐತಬೇ ಕುದುರಿ? ಒಯ್ಯಲೇನು?"

"ಏನ ಒಯ್ಯತಿ? ಹಬ್ಬದ ದಿನ ಮಂದಿ ಮನಿ ಲಕ್ಷ್ಮಿ ಒಯ್ಯಾಕ ಬಂದೀಯಲ್ಲ, ನಾಚಿಕಿ ಬರೂದಿಲ್ಲ ನಿನಗ? ಹಗ್ಗ ಹಿಡಕೊಂಡ ಬಂದಾನ ಯಮನಂಗ! ನಡಿ ಹೊರಗ!"

ಪರಪ್ಪ ಬಾಯಿ ತೆರೆದು ನಿಂತ. ತಾನೇ ಕರೆದವಳಲ್ಲವೇ ಎಂದು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತು. ಗುರುಬಸವ್ವ ಪಾಡ್ಯಕ್ಕೂ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಸಿರಸಂಗಿಗೆ ಹೋದಳು. ಹೋಗುವಾಗ ಹಿತ್ತಲ ಕಡೆ ತಲೆ ಹಾಕಲಿಲ್ಲ.

ಹಬ್ಬ ಮುಗಿದು ಎಂಟು ದಿನಕ್ಕೆ ರಂಭಿ ಟಾಂಗಾ ಕಟ್ಟಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋಯಿತು. ಎದೆಪಟ್ಟಿಯ ಒಳಗೆ ಸುಂದರವ್ವ ಹೊಲಿದ ಕಂಬಳಿಯ ಮೆತ್ತೆ ಇತ್ತು. ಪಟ್ಟಿ ಕಟ್ಟುವವಳು ಆಕೆಯೇ, ಬೇರೆಯವರ ಕೈ ಕುದುರೆ ಸೇರಿಸುತ್ತಿರಲಿಲ್ಲ. ಶಂಕ್ರೆಪ್ಪ ದಿನಾ ಬೆಳಗ್ಗೆ ಹೆಂಡತಿಯ ಮುಂದೆ ನಿಂತು, "ಕಟ್ಟಿ ಕೊಡ ಮತ್ತ," ಎನ್ನಬೇಕು. ಚಾಬೂಕು ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು.

ಅತ್ತೆ ಸೊಸೆಯರ ನಡುವೆ ಮಾತು ಸಿಹಿಯಾಗಲಿಲ್ಲ. ಆಗುವುದೂ ಇರಲಿಲ್ಲ. ಶೆಟ್ಟೆವ್ವ ಆಮೇಲೆ ಯಾವ ಹಬ್ಬಕ್ಕೂ ಸೊಸೆಯ ಕೈಗೆ ತಲೆ ಕೊಡಲಿಲ್ಲ, ಬಾಗಿಲು ಹಾಕಿಕೊಂಡು ತಾನೇ ಎರೆದುಕೊಂಡಳು. ಆದರೆ ಟಾಂಗಾ ಹೊರಬಿದ್ದ ಮೊದಲ ದಿನದ ಸಂಜೆ, ಸುಂದರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ, ಕುದಿಸಿದ ಹುರುಳಿಯ ಮಡಕೆಯೊಂದು ಅವಳ ಪಕ್ಕಕ್ಕೆ ಧಪ್ಪನೆ ಬಂದು ಕೂತಿತು.

"ಹಾಕು ನಿನ್ನ ಕುದುರಿಗೆ," ಎಂದಳು ಶೆಟ್ಟೆವ್ವ, ಸೆರಗನ್ನು ಹೆಡಕಿನ ಮೇಲೆ ಇನ್ನಷ್ಟು ಎಳೆದುಕೊಳ್ಳುತ್ತ.